ನೀರು ನುಗ್ಗಿದ ರಾತ್ರಿ, ಚರ್ಚ್ ಆಫೀಸಿನ ಮೊದಲ ವಾರ

ಭಾನುವಾರ ರಾತ್ರಿ ಹತ್ತೂವರೆ ಇರಬೇಕು. ಬೆಳಗ್ಗೆ ಹೊಸ ಕೆಲಸಕ್ಕೆ ಹೋಗಬೇಕು ಅಂತ ಬೇಗ ಮಲಗಿದ್ದೆ. ಬಟ್ಟೆ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟಾಗಿತ್ತು. ಇನ್ನೇನು ಕಣ್ಣು ಹತ್ತಬೇಕು, ಅಷ್ಟರಲ್ಲಿ ಅಮ್ಮ ಕೂಗಿದರು.

"ಏಳೇ, ಮನೆಯೆಲ್ಲ ನೀರು!"

ಕಾಲು ಕೆಳಗಿಟ್ಟರೆ ಪಾದ ಮುಳುಗುವಷ್ಟು ನೀರು. ವಾಷಿಂಗ್ ಮೆಷಿನ್ ಕಡೆಯಿಂದ ಸುಯ್ ಅಂತ ಸದ್ದು ಬರುತ್ತಿತ್ತು. ಅಮ್ಮ ಆ ಕಡೆ ಹೊರಟಿದ್ದರು. ಕೈ ಹಿಡಿದು ನಿಲ್ಲಿಸಿದೆ. ಮೆಷಿನ್‌ನ ಪ್ಲಗ್ಗು ಗೋಡೆಯ ಕೆಳಭಾಗದಲ್ಲೇ ಇದೆ. ಮೊದಲು ಬಾಗಿಲ ಹತ್ತಿರದ ಮೇನ್ ಸ್ವಿಚ್ ಇಳಿಸಿದೆ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಒಳಗೆ ಹೋದೆ.

ನಲ್ಲಿಯಿಂದ ಮೆಷಿನ್‌ಗೆ ನೀರು ಬರುವ ರಬ್ಬರ್ ಪೈಪು ಮೇಲ್ಗಡೆ ಸೀಳಿತ್ತು. ನೀರು ನೇರವಾಗಿ ಗೋಡೆಗೆ ಹೊಡೆದು ಕೆಳಗಿಳಿಯುತ್ತಿತ್ತು. ನಲ್ಲಿ ತಿರುಗಿಸಲು ನೋಡಿದೆ, ಜಗ್ಗಲಿಲ್ಲ. ಮೆಷಿನ್ ತಂದ ದಿನ ತೆರೆದ ನಲ್ಲಿ ಅದು. ಮತ್ತೆ ಯಾರೂ ಮುಚ್ಚಿಯೇ ಇರಲಿಲ್ಲ. ಟವೆಲ್ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಬಲ ಹಾಕಿದ ಮೇಲೆ ಒಂದೊಂದೇ ಎಳೆ ತಿರುಗಿತು. ನೀರು ನಿಂತಿತು.

ಇದನ್ನು ಬರೆಯಲೇಬೇಕು, ಏಕೆಂದರೆ ನಮ್ಮಂತೆ ಎಷ್ಟೋ ಮನೆಗಳಲ್ಲಿ ಆ ನಲ್ಲಿ ವರ್ಷಗಟ್ಟಲೆ ತೆರೆದೇ ಇರುತ್ತದೆ. ಮೆಷಿನ್ ಓಡದಿದ್ದರೂ ನಲ್ಲಿ ತೆರೆದಿದ್ದರೆ ನೀರಿನ ಒತ್ತಡ ಪೂರ್ತಿ ಆ ಪೈಪಿನ ಮೇಲೇ. ರಬ್ಬರ್ ಗಟ್ಟಿಯಾಗುತ್ತದೆ, ಸಣ್ಣಗೆ ಬಿರುಕು ಬಿಡುತ್ತದೆ, ಒಂದು ದಿನ ಸೀಳುತ್ತದೆ. ಐದು ವರ್ಷಕ್ಕೊಮ್ಮೆ ಪೈಪು ಬದಲಿಸಬೇಕು ಅನ್ನುವುದು ಇದಕ್ಕೇ. ಬಟ್ಟೆ ಒಗೆದಾದ ಮೇಲೆ ನಲ್ಲಿ ಮುಚ್ಚಿಬಿಟ್ಟರೆ ಅರ್ಧ ಚಿಂತೆ ಹೋಯಿತು.

ನೆಲ ಒರೆಸುವುದು ದೊಡ್ಡ ಕೆಲಸವೇನೂ ಆಗಿರಲಿಲ್ಲ. ಇಬ್ಬರೂ ಸೇರಿ ನೀರನ್ನು ಬಾಗಿಲ ಕಡೆ ತಳ್ಳುತ್ತಿದ್ದೆವು. ಓಣಿಯಂತಿರುವ ಜಾಗದಲ್ಲಿ ಒಂದು ಕಪಾಟಿದೆ. ಅದರ ಹತ್ತಿರ ಬಂದಾಗ ಅಮ್ಮ ಸುಮ್ಮನೆ ನಿಂತುಬಿಟ್ಟರು. ಕಪಾಟಿನ ತೀರಾ ಕೆಳಗಿನ ಹಲಗೆಯ ಮೇಲೆ ಒಂದು ರಟ್ಟಿನ ಡಬ್ಬ. ಅದರ ತಳ ನೀರು ಕುಡಿದು ಮೆತ್ತಗಾಗಿತ್ತು.

ಅದರಲ್ಲಿ ಅಮ್ಮನ ಕಾಗದಪತ್ರ ಇದ್ದವು. ಜ್ಞಾನಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟ್, ದೃಢೀಕರಣ ಅನ್ನುವ ಸಂಸ್ಕಾರದ್ದು, ಮದುವೆಯದ್ದು. ಅಪ್ಪ ತೀರಿಕೊಂಡಾಗ ಚರ್ಚ್‌ನಿಂದ ತಂದ ಕಾಗದ. ಜೊತೆಗೆ ಒಂದಷ್ಟು ಫೋಟೋ.

ಎತ್ತುವಾಗ ತಳ ಕಳಚೀತು ಅಂತ ಕೆಳಗೆ ಅಗಲ ತಟ್ಟೆ ಒಡ್ಡಿ ಎತ್ತಿದೆವು. ಮೇಲಿನ ಕಾಗದಗಳಿಗೆ ಏನೂ ಆಗಿರಲಿಲ್ಲ. ಕೆಳಗಿನವು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದೊಂದಾಗಿ ಎಳೆದು ಬಿಡಿಸಲು ಕೈ ತವಕಿಸುತ್ತಿತ್ತು. ಎಳೆಯಲಿಲ್ಲ. ಒದ್ದೆ ಕಾಗದಕ್ಕೆ ಜೀವವೇ ಇರುವುದಿಲ್ಲ, ಎಳೆದರೆ ಹರಿದೇ ಹೋಗುತ್ತದೆ. ಒಣ ಟವೆಲ್ ಹಾಸಿ, ಗಂಟನ್ನು ಹಾಗೇ ಅದರ ಮೇಲೆ ಮಲಗಿಸಿದೆವು. ಅಂಚು ಸ್ವಲ್ಪ ಒಣಗಿ ತಾನಾಗಿ ಬಿಟ್ಟುಕೊಂಡಾಗ ಮಧ್ಯೆ ಬಿಳಿ ಹಾಳೆ ತೂರಿಸುತ್ತ ಹೋದೆವು. ನ್ಯೂಸ್‌ಪೇಪರ್ ಬೇಡ, ಅದರ ಮಸಿ ಹತ್ತುತ್ತದೆ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ. ಬೇಗ ಒಣಗಿದರೆ ಕಾಗದ ಸುರುಟಿಕೊಳ್ಳುತ್ತದೆ. ಗಾಳಿ ಇದ್ದರೆ ಸಾಕು. ಫ್ಯಾನನ್ನು ದೂರದಲ್ಲಿಟ್ಟು ನಿಧಾನವಾಗಿ ಬಿಟ್ಟೆ. ಸುಮಾರು 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ ಅನ್ನುವುದು ಗೊತ್ತಿತ್ತು. ಫೋಟೋಗಳ ಕಥೆ ಬೇರೆ. ಅಂಟಿಕೊಂಡ ಹಳೇ ಫೋಟೋಗಳನ್ನು ತಣ್ಣನೆಯ ಶುದ್ಧ ನೀರಿನ ತಟ್ಟೆಯಲ್ಲಿ ಬಿಟ್ಟು, ಸಡಿಲವಾದ ಮೇಲೆ ಒಂದೊಂದಾಗಿ ಬಿಡಿಸಿ, ಮುಖ ಮೇಲೆ ಮಾಡಿ ಒಣಗಿಸಿದೆವು.

ಬಾಲ್ ಪೆನ್ನಿನಲ್ಲಿ ಬರೆದದ್ದೆಲ್ಲ ಉಳಿದಿತ್ತು. ಅಮ್ಮನ ಜ್ಞಾನಸ್ನಾನದ ಸರ್ಟಿಫಿಕೇಟ್ ಮಾತ್ರ ಇಂಕ್ ಪೆನ್ನಿನಲ್ಲಿ ಬರೆದದ್ದು. ನೀಲಿ ಬಣ್ಣ ಹರಡಿ ಅರ್ಧ ಹಾಳೆ ಮೋಡದ ಹಾಗೆ ಆಗಿತ್ತು. ಸೀಲು ಕಾಣುತ್ತಿತ್ತು. ಅಮ್ಮನ ಹೆಸರಿನ ಕೊನೆಯ ಎರಡು ಅಕ್ಷರ ಕಾಣುತ್ತಿತ್ತು. ಉಳಿದದ್ದು ಹೋಗಿತ್ತು.

ಅಮ್ಮ ಅಳಲಿಲ್ಲ. "ನನ್ನದೇ ತಪ್ಪು, ಕೆಳಗಿಡಬಾರದಿತ್ತು" ಅಂದರು. ಅದು ಅತ್ತಿದ್ದಕ್ಕಿಂತ ಜಾಸ್ತಿ ಸಂಕಟ ಕೊಟ್ಟಿತು. ಮಲಗಿದಾಗ ಒಂದೂವರೆ.

ಬೆಳಗ್ಗೆ ಒಂಬತ್ತಕ್ಕೆ ಚರ್ಚ್ ಆಫೀಸಿನಲ್ಲಿದ್ದೆ. ಚಿಕ್ಕ ಕೋಣೆ. ಎರಡು ಮೇಜು, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಒರಗಿದ ಉಕ್ಕಿನ ಕಪಾಟು. ಫಾದರ್ ಬಂದು ಮಾತಾಡಿಸಿ, ಬೀಗದ ಕೈ ಕೊಟ್ಟು, ಯಾರನ್ನೋ ನೋಡಲು ಆಸ್ಪತ್ರೆಗೆ ಹೊರಟರು. ನನಗೆ ಕೆಲಸ ಹೇಳಿಕೊಡಬೇಕಾದವರು ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಅಕ್ಕ. ಮುಂದಿನ ತಿಂಗಳು ಅವರು ಕೆಲಸ ಬಿಡುತ್ತಾರೆ.

"ಯಾಕೆ, ನಿದ್ದೆ ಮಾಡಿಲ್ವಾ?" ಅಂತ ಕೇಳಿದರು. ರಾತ್ರಿಯದ್ದು ಹೇಳಿದೆ. ನೆಲಕ್ಕೇನಾಯಿತು, ಮೆಷಿನ್‌ಗೇನಾಯಿತು ಅಂತ ಕೇಳಲಿಲ್ಲ. "ಯಾವ ಕಾಗದ ಹೋಯ್ತು?" ಅಂದರು. ಹೇಳಿದೆ. ಅವರು ಎದ್ದು ಹೋಗಿ ಉಕ್ಕಿನ ಕಪಾಟಿನ ಬಾಗಿಲು ತೆಗೆದರು.

"ಮನೇಲಿ ಇದ್ದದ್ದು ನಕಲು ಕಣಮ್ಮ. ಅಸಲು ಇಂಥ ಪುಸ್ತಕದಲ್ಲಿರುತ್ತೆ. ಅಮ್ಮನ ಜ್ಞಾನಸ್ನಾನ ಎಲ್ಲಿ ಆಯ್ತೋ ಅಲ್ಲಿನ ಕಪಾಟಿನಲ್ಲಿ ಇದ್ದೇ ಇರುತ್ತೆ."

ಎದೆಯ ಮೇಲಿಂದ ಭಾರ ಇಳಿದ ಹಾಗಾಯಿತು. ಆಮೇಲೆ ಕಪಾಟನ್ನು ಸರಿಯಾಗಿ ನೋಡಿದೆ. ದಪ್ಪ ದಪ್ಪ ರಿಜಿಸ್ಟರುಗಳು, ಬೆನ್ನಿನ ಮೇಲೆ ವರ್ಷಗಳು. ಆದರೆ ಎಲ್ಲಕ್ಕಿಂತ ಕೆಳಗಿನ ಹಲಗೆ ಪೂರ್ತಿ ಖಾಲಿ. ಜಾಗ ಸಾಲದೆ ಮೇಲೆ ಒತ್ತಿ ಒತ್ತಿ ಇಟ್ಟಿದ್ದಾರೆ, ಕೆಳಗೆ ಮಾತ್ರ ಏನೂ ಇಲ್ಲ. ಯಾಕೆ ಅಂತ ಕೇಳಿದೆ.

"ನೀರು ಬಂದರೆ ಮೊದಲು ಅಲ್ಲಿಗೇ ತಾನೇ ಬರೋದು" ಅಂದರು ಅಕ್ಕ.

ಅವತ್ತು ಪೂರ್ತಿ ರಿಜಿಸ್ಟರುಗಳ ಪಾಠ. ಪ್ರತಿ ಧರ್ಮಕೇಂದ್ರದಲ್ಲೂ (ಪ್ಯಾರಿಷ್) ಜ್ಞಾನಸ್ನಾನ, ಮದುವೆ, ಮರಣ, ಈ ಮೂರರ ಪುಸ್ತಕ ಇರಲೇಬೇಕು. ಕ್ಯಾಥೋಲಿಕ್ ಚರ್ಚ್‌ನ ಸ್ವಂತ ಕಾನೂನಾದ 1983ರ ಕ್ಯಾನನ್ ಕಾನೂನಿನ 535ನೇ ವಿಧಿ ಇದನ್ನು ಹೇಳುತ್ತದೆ. ಅವನ್ನು ಸರಿಯಾಗಿ ಬರೆದು ಜೋಪಾನ ಮಾಡುವ ಹೊಣೆ ಧರ್ಮಕೇಂದ್ರದ ಗುರುಗಳದ್ದು. ಈ ಪದ್ಧತಿಗೆ ನಾಲ್ಕೂವರೆ ಶತಮಾನದ ವಯಸ್ಸು. 1563ರಲ್ಲಿ ಕ್ಯಾಥೋಲಿಕ್ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆ ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು ಅಂತ ಗುರುಗಳಿಗೆ ಕಟ್ಟಳೆ ಮಾಡಿತು. ಆಗ ಕದ್ದುಮುಚ್ಚಿ ನಡೆಯುವ ಮದುವೆಗಳು ದೊಡ್ಡ ತಲೆನೋವಾಗಿದ್ದವು. ಸಾಕ್ಷಿ ಇಲ್ಲ, ಬರಹ ಇಲ್ಲ, ಗಂಡ ನಾಳೆ ಬಂದು ಮದುವೆಯೇ ಆಗಿಲ್ಲ ಅಂದರೆ ಹೆಣ್ಣಿಗೆ ದಿಕ್ಕೇ ಇರಲಿಲ್ಲ. ಒಂದು ಪುಸ್ತಕ, ಒಂದು ಸಾಲು ಅವಳ ಬೆನ್ನಿಗೆ ನಿಂತಿತು. ಇದನ್ನು ತಿಳಿದ ಮೇಲೆ ಆ ರಿಜಿಸ್ಟರನ್ನು ಬರೀ ಕಚೇರಿಯ ಕಡತ ಅಂತ ನೋಡಲು ನನ್ನಿಂದ ಆಗುತ್ತಿಲ್ಲ.

ಜ್ಞಾನಸ್ನಾನದ ಪುಸ್ತಕದಲ್ಲಿ ಒಬ್ಬರಿಗೆ ಒಂದು ಸಾಲು, ಎರಡು ಪುಟಕ್ಕೆ ಹರಡಿಕೊಂಡು. ಕ್ರಮ ಸಂಖ್ಯೆ, ಹೆಸರು, ಹುಟ್ಟಿದ ದಿನ ಮತ್ತು ಊರು, ಜ್ಞಾನಸ್ನಾನ ಆದ ದಿನ, ತಂದೆ ತಾಯಿ, ಜ್ಞಾನಪಿತ, ಜ್ಞಾನಮಾತೆ (ಗಾಡ್‌ಫಾದರ್, ಗಾಡ್‌ಮದರ್), ಜ್ಞಾನಸ್ನಾನ ಕೊಟ್ಟ ಗುರುಗಳ ಹೆಸರು. ಕೊನೆಗೆ ಒಂದು ಅಗಲವಾದ ಕಾಲಂ, ತಲೆಯ ಮೇಲೆ 'ಷರಾ' ಅಂತ ಇದೆ.

ಮಗುವಿನ ಸಾಲು ಬರೆಯುವಾಗ ಷರಾ ಖಾಲಿ. ಮುಂದೆ ದೃಢೀಕರಣ ಆದರೆ ಅಲ್ಲಿ ಬರೆಯುತ್ತಾರೆ. ಮದುವೆಯಾದರೆ ಯಾರ ಜೊತೆ, ಎಲ್ಲಿ, ಯಾವತ್ತು ಅಂತ ಬರೆಯುತ್ತಾರೆ. ಗುರುದೀಕ್ಷೆ ಪಡೆದರೆ ಅದೂ ಅಲ್ಲೇ. ಬೇರೆ ಊರಿನಲ್ಲಿ ಮದುವೆಯಾದರೂ ಅಲ್ಲಿನ ಗುರುಗಳು ಜ್ಞಾನಸ್ನಾನ ಆದ ಚರ್ಚ್‌ಗೆ ಪತ್ರ ಕಳಿಸಬೇಕು. ಮದುವೆಗೆ ಮುಂಚೆ ಹಳೇ ಸರ್ಟಿಫಿಕೇಟ್ ಒಪ್ಪದೆ, ಆರು ತಿಂಗಳೊಳಗಿನ ಹೊಸದನ್ನು ಕೇಳುವುದು ಸುಮ್ನೆ ಸತಾಯಿಸಲು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಷರಾದಲ್ಲಿ ಇವತ್ತಿಗೆ ಏನಿದೆ ಅನ್ನುವುದು ಬೇಕು. ಮುಂಚೆ ಮದುವೆಯಾಗಿದ್ದರೆ ಅಲ್ಲಿ ಕಾಣುತ್ತದೆ.

ಮಂಗಳವಾರ ಫೋನು. ಬೆಳಗಿನಿಂದ ಒಂದೇ ಸಮ. ಪೂಜೆ ಎಷ್ಟೊತ್ತಿಗೆ, ಫಾದರ್ ಸಿಗುತ್ತಾರಾ, ಹಾಲ್ ಖಾಲಿ ಇದೆಯಾ. ಇದರಲ್ಲಿ ಹೇಳುವಂಥದ್ದೇನಿಲ್ಲ. ಆದರೆ ಪೂಜೆ ಬರೆಸಿಕೊಳ್ಳುವಾಗ ಒಂದು ತಪ್ಪು ಮಾಡಿದೆ. ಒಂದು ಮನೆಯವರು ತೀರಿಕೊಂಡ ತಾಯಿಗಾಗಿ ಶುಕ್ರವಾರ ಬೆಳಗಿನ ಪೂಜೆ ಕೇಳಿದರು. ಬರೆದುಕೊಂಡೆ. ಹಿಂದಿನ ವಾರವೇ ಅಕ್ಕ ಅದೇ ಪೂಜೆಯನ್ನು ಇನ್ನೊಂದು ಮನೆಗೆ ಕೊಟ್ಟಿದ್ದರು. ಒಂದೊಂದು ಕೋರಿಕೆಗೆ ಕಾಣಿಕೆ ತೆಗೆದುಕೊಂಡರೆ ಒಂದೊಂದಕ್ಕೂ ಬೇರೆ ಬೇರೆ ಪೂಜೆ ಆಗಬೇಕು. ಕಾಣಿಕೆ ಎಷ್ಟೇ ಚಿಕ್ಕದಿರಲಿ, ನಿಯಮ ಒಂದೇ. ಅದಕ್ಕೇ ಕೋರಿಕೆ, ಕಾಣಿಕೆ, ಪೂಜೆ ಆದ ದಿನ ಎಲ್ಲ ಬರೆಯಲು ಬೇರೆ ಪುಸ್ತಕ ಇಡಬೇಕು ಅಂತ ಕಾನೂನೇ ಇದೆ.

ಅಕ್ಕ ಬೈಯಲಿಲ್ಲ. "ಈಗಲೇ ಫೋನ್ ಮಾಡು. ನಾಳೆ ಅಂದರೆ ಅವರು ನೆಂಟರಿಗೆಲ್ಲ ಹೇಳಿರ್ತಾರೆ" ಅಂದರು. ಮಾಡಿದೆ. ತಪ್ಪು ನನ್ನದು ಅಂತ ಹೇಳಿ ಕ್ಷಮೆ ಕೇಳಿದೆ. ಆ ಕಡೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಶನಿವಾರ ಆದರೂ ಪರವಾಗಿಲ್ಲ, ಅಮ್ಮನ ಹೆಸರು ಸರಿಯಾಗಿ ಓದಿದರೆ ಸಾಕು" ಅಂದರು. ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿ ಬರೆದುಕೊಂಡೆ. ಈಗ ಯಾರು ಕೇಳಿದರೂ ಮೊದಲು ಪುಸ್ತಕ ತೆರೆದು, ಬೆರಳಿಟ್ಟು ನೋಡಿ, ಆಮೇಲೆ ಹೂಂ ಅನ್ನುತ್ತೇನೆ.

ಬುಧವಾರ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದರು. ಜ್ಞಾನಸ್ನಾನದ ವಿವರ ಬೇಕಿತ್ತು. ಪಾಸ್‌ಪೋರ್ಟ್‌ಗಾ ಅಂತ ಕೇಳಿದೆ. "ಏನಕ್ಕೂ ಅಲ್ಲಮ್ಮ. ಮೊಮ್ಮಗಳಿಗೆ ಜ್ಞಾನಸ್ನಾನ ಇದೆ. ನನ್ನದು ಯಾವತ್ತಾಯ್ತು ಅಂತ ಒಂದು ಸಲ ತಿಳ್ಕೋಬೇಕು ಅನ್ನಿಸ್ತು" ಅಂದರು. ವರ್ಷ ಸರಿಯಾಗಿ ಗೊತ್ತಿಲ್ಲ. ಪಾಸ್ಕ ಹಬ್ಬದ (ಈಸ್ಟರ್) ಆಸುಪಾಸು ಅಂತ ಅವರ ತಾಯಿ ಹೇಳುತ್ತಿದ್ದರಂತೆ.

ಪಾಸ್ಕ ಪ್ರತಿ ವರ್ಷ ಒಂದೇ ದಿನ ಬರುವುದಿಲ್ಲ. ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಯಾವ ಭಾನುವಾರವಾದರೂ ಇರಬಹುದು. ಅದಕ್ಕೇ ಮೂರು ವರ್ಷದ ಮಾರ್ಚ್, ಏಪ್ರಿಲ್, ಮೇ ಪುಟಗಳನ್ನೆಲ್ಲ ನೋಡುವುದು ಅಂತ ಕೂತೆ. ಕೈ ತೊಳೆದು ಒರೆಸಿಕೊಂಡೆ. ಹಳೇ ಪುಸ್ತಕಕ್ಕೆ ಗ್ಲೌಸ್ ಹಾಕಬೇಕು ಅಂದುಕೊಂಡಿದ್ದೆ. ಬೇಡ ಅಂದರು ಅಕ್ಕ. ಬಟ್ಟೆಯ ಗ್ಲೌಸ್ ಹಾಕಿದರೆ ಹಾಳೆಯ ಅಂಚು ಬೆರಳಿಗೆ ತಿಳಿಯುವುದಿಲ್ಲ, ಹರಿಯುತ್ತದೆ. ಚೊಕ್ಕ, ಒಣ ಕೈ ಇದ್ದರೆ ಸಾಕು.

ಅವರ ಹೆಸರು ವಿಲಿಯಂ. ಹೆಸರಿನ ಪಟ್ಟಿಯಲ್ಲಿ ಡಬ್ಲ್ಯೂ ಅಕ್ಷರದ ಕೆಳಗೆ ಹುಡುಕಿದೆ. ಇಲ್ಲ. ಇನ್ನೊಂದು ವರ್ಷ, ಇಲ್ಲ. ಹಿರಿಯರು ಕುರ್ಚಿಯ ತುದಿಯಲ್ಲಿ ಕೂತು ನನ್ನ ಬೆರಳನ್ನೇ ನೋಡುತ್ತಿದ್ದರು. ಅಕ್ಕ ಹಿಂದಿನಿಂದ ಬಂದು, "ಜಿ ನೋಡು" ಅಂದರು. ಆ ಕಾಲದ ಪುಸ್ತಕವನ್ನು ಲ್ಯಾಟಿನ್‌ನಲ್ಲಿ ಬರೆದಿದ್ದರು. ಲ್ಯಾಟಿನ್‌ನಲ್ಲಿ ವಿಲಿಯಂ ಅಂದರೆ ಗುಲಿಯೆಲ್ಮುಸ್! ಜಿ ಕೆಳಗೆ ಮೂರನೇ ಹೆಸರು ಅವರದ್ದೇ.

ರಿಜಿಸ್ಟರಿನಲ್ಲಿ ಬೇರೆಯವರ ಸಾಲುಗಳೂ ಇರುತ್ತವೆ. ಅವನ್ನು ಬಂದವರಿಗೆಲ್ಲ ತೋರಿಸುವಂತಿಲ್ಲ. ಮೇಲೆ ಕೆಳಗೆ ಬಿಳಿ ಹಾಳೆ ಮುಚ್ಚಿ, ಅವರ ಸಾಲೊಂದನ್ನೇ ಬಿಟ್ಟೆ. ಕನ್ನಡಕ ಹಾಕಿಕೊಂಡು ಬಗ್ಗಿದರು. ತಂದೆಯ ಹೆಸರು, ತಾಯಿಯ ಹೆಸರು ಓದಿಕೊಂಡರು. ಜ್ಞಾನಮಾತೆಯ ಹೆಸರಿಗೆ ಬಂದು ನಿಂತರು. ಬೆರಳು ಕಾಗದಕ್ಕೆ ತಾಗಲಿಲ್ಲ, ಒಂದಂಗುಲ ಮೇಲೆಯೇ ನಿಂತಿತ್ತು. "ಇವರು ನಮ್ಮ ಪಕ್ಕದ ಮನೆಯವರು. ನಂಗೆ ಓದು ಕಲಿಸಿದ್ದು ಇವರೇ. ಜ್ಞಾನಮಾತೆ ಇವರೇ ಅಂತ ಗೊತ್ತೇ ಇರಲಿಲ್ಲ" ಅಂದರು. ಬೆರಳು ಸಣ್ಣಗೆ ನಡುಗುತ್ತಿತ್ತು.

ಅವರು ಹೋದ ಮೇಲೆ ಅಮ್ಮನ ಅರ್ಜಿ ಬರೆದೆ. ಹೆಸರು, ತಂದೆ ತಾಯಿ, ಹುಟ್ಟಿದ ದಿನ, ಅಂದಾಜು ವರ್ಷ. ಸಂಜೆ ಅಮ್ಮನ ಸಹಿ ಹಾಕಿಸಿ, ಗುರುತಿನ ಚೀಟಿಯ ಪ್ರತಿ ಲಗತ್ತಿಸಿ, ಅವರ ಹಳೇ ಧರ್ಮಕೇಂದ್ರಕ್ಕೆ ಇಮೇಲ್ ಮಾಡಿದೆ. ಅಷ್ಟು ಹೊತ್ತಿಗೆ ಮನೆಯ ಕಾಗದಗಳೂ ಒಣಗಿದ್ದವು. ಬಿಳಿ ಹಾಳೆಗಳ ಮಧ್ಯೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿದೆವು, ಸುಕ್ಕು ಹೋಗಲಿ ಅಂತ.

ಗುರುವಾರ ಬೆಳಗ್ಗೆ ಒಂದು ಸಾವಿನ ಫೋನ್. ಹುಡುಗನ ದನಿ. "ಅಜ್ಜಿ ಹೋಗಿಬಿಟ್ರು. ಈಗ ಏನು ಮಾಡಬೇಕು?" ಅಂದ. ನನ್ನ ಮುಂದೆ ಕೇಳಬೇಕಾದ ಪ್ರಶ್ನೆಗಳ ಚೀಟಿ ಇತ್ತು. ಪೂರ್ತಿ ಹೆಸರು, ವಯಸ್ಸು, ತೀರಿಕೊಂಡ ಹೊತ್ತು, ಮಣ್ಣು ಎಲ್ಲಿ, ಮಾತಾಡಬೇಕಾದವರ ನಂಬರ್. ಅದನ್ನು ಕೇಳುವ ಮುಂಚೆ, "ನಿನ್ನ ಜೊತೆ ಮನೇಲಿ ದೊಡ್ಡವರು ಯಾರಾದರೂ ಇದ್ದಾರಾ?" ಅಂತ ಕೇಳಿದೆ. ಚೀಟಿಯಲ್ಲಿ ಅದು ಇರಲಿಲ್ಲ. ಅಮ್ಮ ದಾರಿಯಲ್ಲಿದ್ದಾರೆ ಅಂದ. ಫಾದರ್‌ಗೆ ಹೇಳಿ, ಅವನ ತಾಯಿ ಬರುವವರೆಗೆ ಲೈನಿನಲ್ಲೇ ಇದ್ದೆ. ಆ ಹತ್ತು ನಿಮಿಷ ಈ ಕೆಲಸದ ಹೊರಗಿನದು ಅಂತ ನನಗೆ ಅನ್ನಿಸುವುದಿಲ್ಲ.

ಅವತ್ತೇ ಮಧ್ಯಾಹ್ನ ಅಂಚೆಯಲ್ಲಿ ಒಂದು ಪತ್ರ ಬಂತು. ನಮ್ಮಲ್ಲಿ ಜ್ಞಾನಸ್ನಾನ ಆದ ಹುಡುಗಿಯೊಬ್ಬಳ ಮದುವೆ ಬೇರೆ ಧರ್ಮಕೇಂದ್ರದಲ್ಲಿ ಆಗಿದೆ ಅಂತ. ಅಕ್ಕ ಅವಳ ಪುಟ ತೆಗೆದು, ಪೆನ್ನನ್ನು ನನ್ನ ಕೈಗೆ ಕೊಟ್ಟರು. "ಇದು ನೀನು ಬರಿ."

ನೀರಿಗೆ ಹರಡದ, ಬೆಳಕಿಗೆ ಮಾಸದ ಕಪ್ಪು ಇಂಕು. ಬರೆಯುವ ಮುಂಚೆ ಬೇರೆ ಕಾಗದದ ಮೇಲೆ ಎರಡು ಸಲ ಬರೆದು ನೋಡಿದೆ. ಏಕೆಂದರೆ ಇಲ್ಲಿ ಅಳಿಸುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ತಪ್ಪಾದರೆ ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಗುರುಗಳ ಸಹಿ ಹಾಕಿಸಬೇಕು. ಇಪ್ಪತ್ತೆಂಟು ವರ್ಷ ಹಳೆಯ ಆ ಚೌಕದಲ್ಲಿ ಮೇಲೆ ಒಂದು ಸಾಲು ದೃಢೀಕರಣದ್ದು ಮಾತ್ರ ಇತ್ತು. ಅದರ ಕೆಳಗೆ ಮದುವೆಯ ದಿನ, ಚರ್ಚ್, ಗಂಡನ ಹೆಸರು ಬರೆದೆ. ಕೈ ಒಂದಿಷ್ಟೂ ಅಲುಗಬಾರದು ಅಂತ ಉಸಿರು ಬಿಗಿ ಹಿಡಿದಿದ್ದೆ. ಅವಳು ಯಾರೋ, ಮುಖ ನೋಡಿಲ್ಲ. ಚೆನ್ನಾಗಿರಲಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಇಷ್ಟೆಲ್ಲ ಬರೆದಿಡುವ ಜಾಗದಲ್ಲಿ ಪಾಪನಿವೇದನೆಗೆ ಮಾತ್ರ ಪುಸ್ತಕವೇ ಇಲ್ಲ. ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಯಾರಿಗೂ ಹೇಳುವಂತಿಲ್ಲ. ಯಾವುದನ್ನು ಬರೆಯಬೇಕು, ಯಾವುದನ್ನು ಬರೆಯಲೇಬಾರದು ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ಬೇರೆ ಮಾಡಿಟ್ಟಿರುವುದು ನನಗೆ ಬಹಳ ಹಿಡಿಸಿತು.

ಶುಕ್ರವಾರ ಭಾನುವಾರದ ಪ್ರಕಟಣೆ ಹಾಳೆ ಅಚ್ಚು ಹಾಕುವುದರಲ್ಲೇ ಕಳೆಯಿತು. ಹೆಸರುಗಳನ್ನು ಮೂರು ಸಲ ನೋಡಿದೆ.

ಶನಿವಾರ ಅರ್ಧ ದಿನ. ಮನೆಗೆ ಬರುವಾಗ ಉಕ್ಕಿನ ಎಳೆ ಹೆಣೆದ ಹೊಸ ಪೈಪು ತಂದೆ. ಹಾಕುವಾಗ ಗೊತ್ತಾಯಿತು, ಅಲ್ಲಿ ನೀರು ಸೋರದಂತೆ ತಡೆಯುವುದು ಟೇಪ್ ಅಲ್ಲ, ಪೈಪಿನ ತಲೆಯೊಳಗೆ ಕೂರುವ ಚಿಕ್ಕ ರಬ್ಬರ್ ವಾಷರ್. ಅದು ನೆಟ್ಟಗೆ ಕೂತಿದೆಯಾ ನೋಡಿ, ಕೈಯಲ್ಲಿ ಬಿಗಿ ಮಾಡಿ, ಮೇಲೆ ಇಕ್ಕಳದಲ್ಲಿ ಸ್ವಲ್ಪ ತಿರುಗಿಸಿದೆ. ಕೆಳಗೆ ಒಣ ಕಾಗದ ಹಾಸಿ ಅರ್ಧ ಗಂಟೆ ಬಿಟ್ಟೆ. ಒಂದು ಹನಿಯೂ ಬಿದ್ದಿರಲಿಲ್ಲ. ಅಮ್ಮ ಕಪಾಟಿನ ಕೆಳಗಿನ ಹಲಗೆ ಖಾಲಿ ಮಾಡುತ್ತಿದ್ದರು. ಕಾಗದಗಳಿಗೆ ಮುಚ್ಚಳ ಇರುವ ಹೊಸ ಡಬ್ಬ, ಜಾಗ ಮೇಲಿನಿಂದ ಎರಡನೆಯ ಹಲಗೆ.

ಆಗ ಅಮ್ಮನ ಫೋನ್ ರಿಂಗಾಯಿತು. ಅವರ ಹಳೇ ಧರ್ಮಕೇಂದ್ರದ ಆಫೀಸು. ಅರ್ಜಿ ಸಿಕ್ಕಿದೆ, ಸರ್ಟಿಫಿಕೇಟ್ ಬರೆಯುವ ಮುಂಚೆ ಒಂದೆರಡು ವಿಷಯ ಕೇಳಬೇಕು ಅಂದರು. ಅಮ್ಮ ಸ್ಪೀಕರ್ ಹಾಕಿದರು. ಹುಟ್ಟಿದ ದಿನ ಕೇಳಿದರು, ತಂದೆ ತಾಯಿಯ ಹೆಸರು ಕೇಳಿದರು, ಜ್ಞಾನಮಾತೆ ಯಾರು ಅಂತ ಕೇಳಿದರು. ಅಮ್ಮ ಎಲ್ಲಕ್ಕೂ ತಡವರಿಸದೆ ಹೇಳಿದರು.

"ಸರಿಯಾಗಿದೆ. ಒಂದು ನಿಮಿಷ ಇರಿ, ಷರಾ ನೋಡ್ತೀನಿ."

ದಪ್ಪ ಹಾಳೆ ಮಗುಚಿದ ಸದ್ದು ಫೋನಿನಲ್ಲಿ ಕೇಳಿಸಿತು. ನನಗೆ ಒಳಗೊಳಗೇ ಭಯ. ಅಮ್ಮನ ಮದುವೆ ಆಗಿದ್ದು ಬೇರೆ ಕಡೆ. ಅಲ್ಲಿಂದ ಪತ್ರ ಹೋಗಿತ್ತೋ ಇಲ್ಲವೋ, ಹೋದರೂ ಯಾರಾದರೂ ಬರೆದರೋ ಇಲ್ಲವೋ.

ಆ ಕಡೆಯವರು ಓದಿದರು. ಮದುವೆಯ ದಿನ. ಚರ್ಚ್‌ನ ಹೆಸರು. ಆಮೇಲೆ ಅಪ್ಪನ ಪೂರ್ತಿ ಹೆಸರು, ಅವರ ತಂದೆಯ ಹೆಸರಿನ ಜೊತೆಗೆ, ಮನೆಯಲ್ಲಿ ಯಾರೂ ಯಾವತ್ತೂ ಕರೆಯದ ಉದ್ದದ ಹೆಸರು.

ಅಮ್ಮ ಕೈಯಲ್ಲಿದ್ದ ಡಬ್ಬದ ಮುಚ್ಚಳ ಕೆಳಗಿಟ್ಟರು. ಫೋನನ್ನು ಹತ್ತಿರ ತಂದುಕೊಂಡರು.

"ಇನ್ನೊಂದು ಸಲ ಓದ್ತೀರಾ?" ಅಂದರು.